ತಲೆಕೆಳಗಾಗಿ ನಿಂತ ನವಿಲುಗಳ ವಿಷಯವಾಗಿ

ಮೊಳಕಾಲ್ಮೂರಿನ ನೇಯ್ಗೆ ತರಬೇತಿ ಕೇಂದ್ರದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಾವು ನನ್ನನ್ನು ಫೇಲು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಾವು ಪತ್ರವನ್ನು ಇಲ್ಲಿಗೇ ಮಡಚಿ ಟೀ ಲೋಟದ ಕೆಳಗೆ ಇಟ್ಟುಬಿಡುತ್ತೀರಿ. ನಾನು ನೇಯ್ದ ಸೀರೆಯ ಸೆರಗಿನಲ್ಲಿ ನವಿಲುಗಳೆಲ್ಲ ತಲೆ ಕೆಳಗೆ, ಕಾಲು ಮೇಲೆ ಮಾಡಿ ನಿಂತಿದ್ದವು. ಅಂಥ ಸೀರೆಯನ್ನು ತಾವು ಪಾಸು ಮಾಡಿದ್ದರೆ ತಮ್ಮ ಕನ್ನಡಕದ ಮೇಲೆಯೇ ನನಗೆ ಅನುಮಾನ ಬರುತ್ತಿತ್ತು. ನನ್ನ ತಕರಾರು ಇರುವುದು ಅಂಕದ ಕೆಳಗೆ ತಾವು ಬರೆದ ಸಾಲಿನ ಬಗ್ಗೆ. "ಸದರಿ ಅಭ್ಯರ್ಥಿಗೆ ಕಲಿಯುವ ಸಾಮರ್ಥ್ಯವೇ ಇಲ್ಲ. ಮುಂದಿನ ಹಂತಕ್ಕೆ ಎಂದಿಗೂ ಪರಿಗಣಿಸತಕ್ಕದ್ದಲ್ಲ." ಅದೇ ದಿನ, ಅದೇ ಪೆನ್ನಿನಿಂದ, ನನ್ನ ಪಕ್ಕದ ಮಗ್ಗದ ಹುಡುಗಿಯ ಬಗ್ಗೆ ತಾವು ಬರೆದದ್ದು "ಹುಟ್ಟು ಕಲಾವಿದೆ" ಎಂದು. ಈ ಎರಡು ಸಾಲುಗಳ ದೆಸೆಯಿಂದ ತಮ್ಮ ಕೇಂದ್ರದಲ್ಲಿ ಈಗ ಎರಡು ಮಗ್ಗ ಖಾಲಿ ಬಿದ್ದಿವೆ. ಮೊದಲನೆಯದರಿಂದ ನಾನು ಹೊರಗೆ ಬಿದ್ದೆ. ಎರಡನೆಯದರಿಂದ ಆ ಹುಡುಗಿ ತಾನಾಗಿಯೇ ಹೊರಗೆ ಉಳಿದಿದ್ದಾಳೆ. ಬರುವ ಸೋಮವಾರ ಎರಡನೇ ಹಂತ ಶುರುವಾಗುತ್ತದೆ, ಅಂದು ಹಾಜರಾಗದವರ ಹೆಸರು ತೆಗೆದುಹಾಕಲಾಗುವುದು ಎಂದು ತಮ್ಮ ನೋಟಿಸು ಗೋಡೆಯ ಮೇಲಿದೆ. ಅಷ್ಟರೊಳಗೆ ಎರಡೂ ಸಾಲುಗಳನ್ನು ಹೊಡೆದು ಹಾಕಿ ಎಂದು ಕೇಳಲು ಈ ಪತ್ರ. ಬಹಿರಂಗವಾಗಿ ಏಕೆ ಎಂದರೆ, ಅಂತರಂಗವಾಗಿ ಬಂದು ಕೇಳಿದಾಗ ತಾವು ಸದಾ ಮೀಟಿಂಗಿನಲ್ಲಿದ್ದಿರಿ.

ನನ್ನ ಪರಿಚಯ ತಮಗೆ ಮರೆತಿರಬಹುದು. ನಾನು ಚಳ್ಳಕೆರೆಯವಳು. ರವಿಕೆ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಚ್ಚುತ್ತೇನೆ, ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಸುತ್ತಲಿನ ಮದುವೆಗಳ ಎಷ್ಟೋ ಮೊಳಕಾಲ್ಮೂರು ಸೀರೆಗಳು ನನ್ನ ತೊಡೆಯ ಮೇಲೆ ಮಲಗಿ ಎದ್ದು ಹೋಗಿವೆ. ಬೇರೆಯವರು ನೇಯ್ದ ಸೀರೆಯ ಅಂಚಿಗೇ ಸೂಜಿ ಹಾಕಿ ಹಾಕಿ, ಒಮ್ಮೆಯಾದರೂ ಅದರ ನಡುವಿಗೆ ಕೈಹಾಕಬೇಕು ಎಂಬ ಆಸೆ ನನಗೆ ಐವತ್ತು ದಾಟಿದ ಮೇಲೆ ಹುಟ್ಟಿತು. ಆಸೆಗೆ ಜಾತಕ ನೋಡಿ ಹುಟ್ಟುವ ಅಭ್ಯಾಸವಿಲ್ಲವಲ್ಲ. ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ವಿಷಯ ಕೇಳಿ, "ಮಗ್ಗದ ಗುಂಡಿಗೆ ಇಳಿಯೋದೇನೋ ಇಳೀತೀಯಾ, ಎತ್ತೋಕೆ ಕ್ರೇನ್ ತರಿಸ್ಬೇಕಾಗ್ತೈತೆ ನೋಡು" ಎಂದರು. ನಾನು ಇಳಿದೆ. ಹತ್ತಿದೆ ಕೂಡ. ಕ್ರೇನ್ ಬೇಕಾಗಲಿಲ್ಲ ಎಂಬುದನ್ನು ಈ ಮೂಲಕ ಅವರಿಗೂ ತಿಳಿಯಪಡಿಸುತ್ತೇನೆ.

ಇನ್ನು ತಮ್ಮ ಆ ಭಾಷಣದ ವಿಷಯ. ತರಬೇತಿಯ ಉದ್ಘಾಟನೆಯ ದಿನ ತಾವು ಗೋಡೆಯ ಮೇಲೆ ಬೆಳಕು ಬಿಟ್ಟು ಚಿತ್ರ ತೋರಿಸಿದಿರಿ. ಒಂದು ಮೆದುಳು. ಅದಕ್ಕೆ ಎರಡು ಕೈ. ಆ ಕೈಗಳಲ್ಲಿ ಪೈಲ್ವಾನರು ಎತ್ತುವಂಥ ಕಬ್ಬಿಣದ ಗುಂಡು. "ಮೆದುಳು ಸ್ನಾಯು ಇದ್ದ ಹಾಗೆ, ಬಳಸಿದಷ್ಟೂ ಬೆಳೆಯುತ್ತದೆ. ಇದನ್ನು ಗ್ರೋತ್ ಮೈಂಡ್‌ಸೆಟ್ ಅನ್ನುತ್ತಾರೆ, ಅಂದರೆ ಬೆಳೆಯುವ ಮನಸ್ಸು. ಯಾವ ವಯಸ್ಸಿನವರು ಏನನ್ನು ಬೇಕಾದರೂ ಕಲಿಯಬಹುದು. ತಪ್ಪು ಮಾಡಲು ಹೆದರಬೇಡಿ, ತಪ್ಪೇ ಮೇಷ್ಟ್ರು" ಎಂದಿರಿ. ನಮ್ಮೆಲ್ಲರ ಕೈ ಮೇಲೆತ್ತಿಸಿ "ನಾನು ಕಲಿಯಬಲ್ಲೆ" ಎಂದು ಪ್ರತಿಜ್ಞೆ ಮಾಡಿಸಿದಿರಿ. ಆಮೇಲೆ ಚಿತ್ರಾನ್ನ ಕೊಟ್ಟಿರಿ. ನನ್ನ ಅಕ್ಕಪಕ್ಕದವರು ಚಿತ್ರಾನ್ನ ತಿಂದು ಭಾಷಣವನ್ನು ಅಲ್ಲೇ ಬಿಟ್ಟು ಎದ್ದರು. ನಾನೊಬ್ಬಳು ಪೆದ್ದಿ, ಭಾಷಣವನ್ನೂ ಮನೆಗೆ ಕಟ್ಟಿಕೊಂಡು ಬಂದೆ. ಸ್ವಾಮೀ, ನಾನು ಅದನ್ನು ನಂಬಿದೆ. ಈಗಲೂ ನಂಬುತ್ತೇನೆ. ಈ ತಾಲ್ಲೂಕಿನಲ್ಲಿ ಅದನ್ನು ನಂಬದೆ ಉಳಿದವರು ತಾವೊಬ್ಬರೇ ಇರಬೇಕು ಎನ್ನಿಸುತ್ತದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ನಂಬಿದ್ದರಿಂದ ಏನಾಯಿತು ಎಂದು ತಾವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ. ನಾವು ಹೊಲಿಗೆಯವರು ತಪ್ಪು ಮುಚ್ಚುವುದರಲ್ಲಿ ನಿಸ್ಸೀಮರು. ಕತ್ತರಿ ಜಾರಿದರೆ ಅಲ್ಲೊಂದು ಲೇಸು ಹಚ್ಚುತ್ತೇವೆ, ತೋಳು ಚಿಕ್ಕದಾದರೆ "ಈಗ ಇದೇ ಫ್ಯಾಷನ್ನು" ಎನ್ನುತ್ತೇವೆ. ಮಗ್ಗಕ್ಕೆ ಕುಳಿತ ಮೊದಲ ದಿನಗಳಲ್ಲೂ ನಾನು ಮಾಡಿದ್ದು ಅದನ್ನೇ. ಎಳೆ ಹರಿದರೆ ಸದ್ದಿಲ್ಲದೆ ಗಂಟು ಹಾಕಿ, ಗಂಟಿನ ಮೇಲೆ ಮೊಣಕೈ ಇಟ್ಟುಕೊಂಡು ಕೂರುತ್ತಿದ್ದೆ. ಮೇಷ್ಟ್ರು ಆ ಕಡೆ ಹೋದ ಮೇಲೆ ನಿಟ್ಟುಸಿರು ಬಿಡುತ್ತಿದ್ದೆ. ಆದರೆ ಮಗ್ಗಕ್ಕೆ ಲೇಸು ಹಚ್ಚಲು ಬರುವುದಿಲ್ಲ. ಒಂದು ದಿನ ತಮ್ಮ ಪೈಲ್ವಾನ್ ಮೆದುಳು ನೆನಪಾಗಿ, ಧೈರ್ಯ ಮಾಡಿ, "ಮೇಷ್ಟ್ರೇ, ಇಲ್ಲಿ ಕೆಡ್ಸಿದೀನಿ, ಬಂದು ನೋಡ್ರಿ" ಎಂದು ಕೂಗಿದೆ. ಇಡೀ ಶೆಡ್ಡು ತಿರುಗಿ ನೋಡಿತು. ಮರುದಿನ ಇನ್ನೊಬ್ಬಳು ಕೂಗಿದಳು. ಆಮೇಲೆ ಅದು ನಮ್ಮ ನಡುವೆ ಆಟವೇ ಆಗಿಹೋಯಿತು. "ಇವತ್ತು ನಂದು ಶುರು" ಎಂದು ಒಬ್ಬಳು, "ನಂದು ನಿನ್ನದಕ್ಕಿಂತ ದೊಡ್ಡದು ಐತೆ" ಎಂದು ಇನ್ನೊಬ್ಬಳು. ಬಂದ ಹೊಸತರಲ್ಲಿ ನಾನು ಎಸೆದ ಲಾಳಿ ಮಗ್ಗವನ್ನೇ ಬಿಟ್ಟು ಹಾರಿ ಮೇಷ್ಟ್ರ ಊಟದ ಡಬ್ಬಿಯೊಳಗೆ ಬಿದ್ದಿತ್ತು. ಅಂಥವಳು ಕೊನೆಗೆ ಒಂದು ಇಡೀ ಸೀರೆಯನ್ನು, ಅಂಚು ಮೈ ಸೆರಗು ಸಮೇತ, ನೇಯ್ದು ಇಳಿಸಿದೆ. ಕಲಿಯುವ ಸಾಮರ್ಥ್ಯವೇ ಇಲ್ಲ ಎಂದು ಬರೆದ ತಾವು, ಡಬ್ಬಿಯಿಂದ ಸೆರಗಿನವರೆಗಿನ ಈ ದಾರಿಯನ್ನು ಏನೆಂದು ಕರೆಯುತ್ತೀರಿ? ಗಾಳಿಗೆ ಹಾರಿ ಬಂತು ಎಂದೇ?

ನವಿಲುಗಳು ಏಕೆ ತಲೆಕೆಳಗಾದವು ಎಂಬುದನ್ನು ತಾವು ಪರೀಕ್ಷೆಯ ದಿನ ಕೇಳಲಿಲ್ಲ. ನಗುವುದರಲ್ಲಿ ಪುರುಸೊತ್ತಾಗಲಿಲ್ಲ. ಈಗ ಹೇಳುತ್ತೇನೆ. ತಮ್ಮ ಕೇಂದ್ರದ ಮಗ್ಗದಲ್ಲಿ ಸೀರೆಯ ಮೈ ಮೊದಲು, ಸೆರಗು ಕೊನೆಗೆ. ನೇಯ್ದ ಬಟ್ಟೆ ನೇಯುವವಳ ಹೊಟ್ಟೆಯ ಕಡೆಗೆ ಸುತ್ತಿಕೊಳ್ಳುತ್ತ ಬರುತ್ತದೆ. ಹಾಗಾಗಿ ಸೆರಗಿನ ನವಿಲನ್ನು ಕೂರಿಸುವಾಗ ನನ್ನ ಕಡೆಗೆ ತಲೆ, ಆಚೆ ಕಡೆಗೆ ಕಾಲು ಬರಬೇಕು. ನೇಯುವವಳ ಕಣ್ಣಿಗೆ ನವಿಲು ತಲೆಕೆಳಗಾಗಿ ಕಂಡರೆ ಮಾತ್ರ ಉಡುವವಳ ಬೆನ್ನ ಮೇಲೆ ಅದು ನೆಟ್ಟಗೆ ನಿಲ್ಲುತ್ತದೆ. ನೇಕಾರರ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ನಾನೋ ಹೊಲಿಗೆಯವಳು. ಮೇಜಿನ ಮೇಲಿನ ಬಟ್ಟೆಯನ್ನು ಹೇಗೆ ಬೇಕಾದರೂ ಹಾಗೆ ತಿರುಗಿಸಿ, ಹೂವು ಬಳ್ಳಿ ಏನಿದ್ದರೂ ನನಗೆ ನೆಟ್ಟಗೆ ಕಾಣುವಂತೆ ಇಟ್ಟುಕೊಂಡೇ ಹೊಲಿದು ಅಭ್ಯಾಸ. ಮಗ್ಗದ ಮೇಲಿನ ಬಟ್ಟೆ ತಿರುಗುವುದಿಲ್ಲ, ತಲೆಯೊಳಗೇ ತಿರುಗಿಸಿಕೊಳ್ಳಬೇಕು. ಸೆರಗು ಶುರುವಾದ ಹೊತ್ತಿಗೆ ನಮ್ಮ ಮೇಷ್ಟ್ರು ಬೊಮ್ಮಲಿಂಗಪ್ಪನವರು ನೆಂಟರ ಮದುವೆಗೆಂದು ರಾಯದುರ್ಗಕ್ಕೆ ಹೋಗಿದ್ದರು. ನಾನು ಒಂದೊಂದು ನವಿಲನ್ನೂ ನನ್ನ ಕಣ್ಣಿಗೆ ಅಚ್ಚುಕಟ್ಟಾಗಿ, ರಾಜಗಾಂಭೀರ್ಯದಿಂದ ನಿಲ್ಲಿಸಿದೆ. ಅವರು ತಿರುಗಿ ಬಂದು ನೋಡಿ ತಲೆಯ ಮೇಲೆ ಕೈಹೊತ್ತರು. "ಅಯ್ಯೋ ಏಮಮ್ಮಾ ಇದಿ! ಸೆರಗಿನ ನವಿಲು ಕೂಸು ಹುಟ್ಟಿದಂಗೆ ಬರ್ಬೇಕಮ್ಮ, ತಲೆ ಮೊದ್ಲು!" ಎಂದರು. ಅಷ್ಟರಲ್ಲಿ ಕಾಲು ಮೊದಲು ಬಂದಾಗಿತ್ತು, ಪರೀಕ್ಷೆಯೂ ಬಾಗಿಲಿಗೆ ಬಂದಾಗಿತ್ತು.

ಪರೀಕ್ಷೆಯ ದಿನ ತಾವು ಒಬ್ಬ ಹುಡುಗಿಗೆ ನನ್ನ ಸೀರೆ ಉಡಿಸಿ ಬೆನ್ನು ತಿರುಗಿಸಿ ನಿಲ್ಲಿಸಿದಿರಿ. ಸೆರಗು ಬಿತ್ತು. ನವಿಲುಗಳು ಹುಣಸೆ ಮರದ ಬಾವಲಿಗಳಂತೆ ಸಾಲಾಗಿ ನೇತಾಡಿದವು. ನಿಜ ಹೇಳುತ್ತೇನೆ, ಮೊದಲು ನಕ್ಕವಳು ನಾನೇ. ಆಮೇಲೆ ಶೆಡ್ಡು ನಕ್ಕಿತು, ಆಮೇಲೆ ತಾವು. ತಾವು ಎಷ್ಟು ನಕ್ಕಿರಿ ಎಂದರೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಿರಿ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಕನ್ನಡಕ ಮತ್ತೆ ಏರಿಸಿದವರೇ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನಮ್ಮಾ?" ಎಂದು ಆ ಸಾಲು ಬರೆದುಬಿಟ್ಟಿರಿ. ನಾನು ಮರವಲ್ಲ ಸ್ವಾಮೀ. ಬಗ್ಗುವುದಕ್ಕೆ ಬಂದವಳೂ ಅಲ್ಲ, ನೇಯುವುದಕ್ಕೆ ಬಂದವಳು. ಗಾದೆಯ ಲೆಕ್ಕಕ್ಕೇ ಬರುವುದಾದರೆ "ಹಾಡ್ತಾ ಹಾಡ್ತಾ ರಾಗ" ಎಂಬುದೂ ನಮ್ಮದೇ ಗಾದೆ. ಅದು ಏಕೆ ತಮ್ಮ ಬಾಯಿಗೆ ಬರಲಿಲ್ಲ? ಸೀರೆ ಕೆಟ್ಟಿದ್ದರೆ ಸೀರೆಯನ್ನು ಫೇಲು ಮಾಡಬೇಕು. ಮನುಷ್ಯರನ್ನೇ ಫೇಲು ಮಾಡುವುದೆಂದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಲ್ಲವೇ? ಆ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ನಾನು ಅತ್ತೆ. ಎಲ್ಲರೂ ನಕ್ಕದ್ದಕ್ಕಲ್ಲ, ಆ "ಎಂದಿಗೂ" ಎಂಬ ಮಾತಿಗೆ.

ಈಗ ಪಕ್ಕದ ಮಗ್ಗಕ್ಕೆ ಬರೋಣ. ನನ್ನದಕ್ಕಿಂತ ಅಲ್ಲಿಯ ಸಂಕಟ ದೊಡ್ಡದು.

ಶಮಾ ಕೂಡ ಚಳ್ಳಕೆರೆಯವಳೇ. ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿರುವ ಮೌಲಾ ಸಾಬರ ಮಗಳು, ಪಿಯುಸಿ ಮುಗಿಸಿದ್ದಾಳೆ. ದಿನಾ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಬಂದು ಹೋಗುತ್ತಿದ್ದೆವು. ದಾರಿಯಲ್ಲಿ ಕುರಿಹಿಂಡು ಅಡ್ಡ ಬಂದು ಬಸ್ಸು ನಿಂತರೆ ನಾನು ನಿದ್ದೆ ಮಾಡುತ್ತಿದ್ದೆ, ಅವಳು ದುಪಟ್ಟಾದ ಅಂಚಿನ ದಾರ ಎಳೆದು ಬೆರಳಿಗೆ ಸುತ್ತಿ ಹೂವಿನ ಬುಟ್ಟಾ ಕಟ್ಟುವುದನ್ನು ಅಭ್ಯಾಸ ಮಾಡುತ್ತಿದ್ದಳು. ಶೆಡ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ನೇಯ್ದವಳು ಅವಳು ಎಂದು ತಾವು ತಿಳಿದಿದ್ದೀರಿ. ಎಲ್ಲರಿಗಿಂತ ಹೆಚ್ಚು ಬಿಚ್ಚಿದವಳೂ ಅವಳೇ. ನಾವು ಊಟಕ್ಕೆ ಎದ್ದಾಗ ಅವಳು ಕುಳಿತು ಬೆಳಗ್ಗೆ ನೇಯ್ದದ್ದನ್ನು ಎಳೆ ಎಳೆಯಾಗಿ ಬಿಚ್ಚುತ್ತಿದ್ದಳು. "ಒಂದು ಎಸಳು ಸಣ್ಣ ಬಂದೈತೆ ಗೀತಕ್ಕ" ಎನ್ನುತ್ತಿದ್ದಳು. ನನ್ನ ಕಣ್ಣಿಗೆ ಎಲ್ಲ ಎಸಳೂ ಒಂದೇ. ನನ್ನ ಬುತ್ತಿಯ ಅರ್ಧ ರೊಟ್ಟಿಯನ್ನು ಅವಳ ಬಾಯಿಗೆ ಇಟ್ಟು, ಕೈ ಎಣ್ಣೆ ಆಗದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಪರೀಕ್ಷೆಯ ದಿನ ಅವಳ ಸೀರೆ ನೋಡಿ ತಾವು ಎದ್ದು ನಿಂತಿರಿ. ನಿಲ್ಲಬೇಕಾದ ಸೀರೆಯೇ ಅದು. ಆದರೆ ಆಮೇಲೆ ತಾವು ಆಡಿದ ಮಾತು ನೋಡಿ. "ಈ ಹುಡುಗಿಗೆ ಯಾರೂ ಏನೂ ಕಲಿಸಬೇಕಾಗಿಲ್ಲ. ಇದು ದೇವರು ಕೊಟ್ಟ ಕೈ. ಹುಟ್ಟು ಕಲಾವಿದೆ!" ಹಾರ ಹಾಕಿದಿರಿ, ಶೀಲ್ಡು ಕೊಟ್ಟಿರಿ, ಫೋಟೋ ತೆಗೆಸಿದಿರಿ. ಊಟ ಬಿಟ್ಟು ಬಿಚ್ಚಿದ ಆ ಎಲ್ಲ ಮಧ್ಯಾಹ್ನಗಳನ್ನೂ ಒಂದೇ ಮಾತಿನಲ್ಲಿ ದೇವರ ಖಾತೆಗೆ ಜಮಾ ಮಾಡಿಬಿಟ್ಟಿರಿ. ದೇವರು ಕೊಟ್ಟ ಕೈಯಾಗಿದ್ದರೆ ಆ ಕೈ ಅಷ್ಟೊಂದು ಬಿಚ್ಚಿದ್ದೇಕೆ ಎಂದು ಒಂದು ಪ್ರಶ್ನೆ ಕೇಳಬಾರದಿತ್ತೇ? "ಇದನ್ನು ಹೇಗೆ ಮಾಡಿದೆಯಮ್ಮಾ?" ಎಂದಿದ್ದರೆ ಸಾಕಿತ್ತು. ಅವಳು ಸಂಜೆಯವರೆಗೆ ಹೇಳುತ್ತಿದ್ದಳು, ತಮಗೂ ನಾಲ್ಕು ವಿಷಯ ತಿಳಿಯುತ್ತಿತ್ತು. ಮೌಲಾ ಸಾಬರು ಆ ಶೀಲ್ಡನ್ನು ಗ್ಯಾರೇಜಿನಲ್ಲಿ ಹೊಸ ಟೈರುಗಳ ನಡುವೆ, ಎಲ್ಲರಿಗೂ ಕಾಣುವಂತೆ ಮೊಳೆ ಹೊಡೆದು ಇಟ್ಟರು. ಪಂಕ್ಚರ್ ಹಾಕಿಸಲು ಬಂದವರೂ ಶೀಲ್ಡು ನೋಡಿಯೇ ಹೋಗಬೇಕು.

ಕೆಲವೇ ದಿನಗಳಲ್ಲಿ, ಎರಡನೇ ಹಂತ ಶುರುವಾಗುವ ಮೊದಲೇ, ಅದಕ್ಕೆ ಆಯ್ಕೆಯಾದವರಿಗೆ ಮೂರು ಲಾಳಿಯ ಮಗ್ಗದ ಪರಿಚಯ ಮಾಡಿಸಿದಿರಿ. ಎರಡು ಅಂಚಿಗೆ ಒಂದೊಂದು ಲಾಳಿ, ಮೈಗೆ ಇನ್ನೊಂದು. ಅಂಚಿನ ಬಣ್ಣ ಬೇರೆ, ಮೈ ಬಣ್ಣ ಬೇರೆ. ಎರಡೂ ಸೇರುವ ಕಡೆ ಎಳೆಗೆ ಎಳೆ ಕೊಂಡಿ ಬೀಳದಿದ್ದರೆ ಸೀರೆ ಅಲ್ಲೇ ಬಾಯಿ ಬಿಡುತ್ತದೆ. ಹುಟ್ಟು ನೇಕಾರರಿಗೂ ಮೊದಮೊದಲು ಬಾಯಿ ಬಿಟ್ಟೇ ಬಿಡುತ್ತದಂತೆ. ಶಮಾಳದ್ದೂ ಬಿಟ್ಟಿತು. ಅಲ್ಲಿ ನೋಡುತ್ತ ನಿಂತಿದ್ದ ತಮ್ಮ ಕಚೇರಿಯವರೊಬ್ಬರು, ತಮಾಷೆಗೇ ಇರಬೇಕು, "ಅರೆ! ಹುಟ್ಟು ಕಲಾವಿದೆಗೂ ತಪ್ಪಾಗುತ್ತಾ?" ಎಂದರಂತೆ. ಮರುದಿನ ಅವಳು ಬಸ್ಸು ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಹೊಟ್ಟೆನೋವು ಎಂದಳು, ತಲೆನೋವು ಎಂದಳು, ಈಗ ಯಾವ ನೋವೂ ಉಳಿಯದೆ ಸುಮ್ಮನೆ ಕುಳಿತಿದ್ದಾಳೆ.

ನಾನು ಹೋಗಿ ನೋಡಿದೆ. ಮೌಲಾ ಸಾಬರು ಬೈಕಿನ ಇಂಜಿನ್ನೊಂದನ್ನು ಬಿಚ್ಚಿ ಹರಡಿಕೊಂಡು ಕುಳಿತಿದ್ದರು. "ಗೀತಮ್ಮನೋರೇ, ಗಾಡಿ ನಿಂತೋದ್ರೆ ಬಿಚ್ಚಿ ನೋಡ್ತೀನಿ, ಎಲ್ಲಿ ಖರಾಬ್ ಆಗೈತೆ ಅಂತ ಗೊತ್ತಾಗ್ತೈತೆ. ಈ ಮಗಳನ್ನ ಎಲ್ಲಿಂದ ಬಿಚ್ಲಿ ಹೇಳ್ರಿ" ಎಂದರು. ಎಷ್ಟೇ ಜೋರಿನ ಮನುಷ್ಯನಾದರೂ ಆ ಮಾತು ಹೇಳುವಾಗ ಅವರ ದನಿ ಇಳಿದಿತ್ತು.

ಒಳಗೆ ಶಮಾ ಬಟ್ಟೆ ಮಡಚುತ್ತಿದ್ದಳು. ಸೋಮವಾರ ಬರುತ್ತೀಯಾ ಎಂದು ಕೇಳಿದೆ. "ನಕೋ ಗೀತಕ್ಕ, ಬರಲ್ಲ" ಎಂದಳು. ನಾನು ನನ್ನ ನವಿಲುಗಳ ಕಥೆ ತೆಗೆದೆ, ನಗಿಸಲು ನೋಡಿದೆ. "ನನ್ನಂಥ ಮುದುಕಿ ಅಷ್ಟೊಂದು ಜನರ ಮುಂದೆ ಕೆಡ್ಸಿ ನಗಾಡ್ಸ್ಕೊಂಡ್ರೂ ಮತ್ತೆ ಬರ್ತೀನಿ ಅಂತಿದೀನಿ, ನಿನಗೇನು ದಾಡಿ?" ಎಂದೆ. ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ನೀವು ಕೆಡ್ಸಿದ್ರೆ ನಗ್ತಾರೆ ಅಕ್ಕಾ, ಅಷ್ಟೇ. ನಾನು ಕೆಡ್ಸಿದ್ರೆ, ಇಷ್ಟು ದಿನ ಇವ್ಳು ಸುಳ್ಳು ಹೇಳಿದ್ಳು ಅಂತಾರೆ."

"ಯಾರು ಅಂತಾರೆ?"

"ಸಾಹೇಬ್ರು ಬರ್ದು ಕೊಟ್ಟವ್ರಲ್ಲ, ಹುಟ್ಟಿದಾಗ್ಲೇ ಬರ್ತೈತೆ ಅಂತ. ಬರ್ಲಿಲ್ಲ ಅಂದ್ರೆ? ಹುಟ್ಟಿದಾಗ ಇರ್ಲೇ ಇಲ್ಲ ಅಂತ ಅಲ್ವಾ ಅರ್ಥ? ಇದ್ದಷ್ಟು ಹೆಸರು ಇರ್ಲಿ ಬಿಡ್ರಿ."

ಮಾನ್ಯರೇ, ಬಾಯಿ ಬಡುಕಿ ಎಂದು ಓಣಿಯಲ್ಲೆಲ್ಲ ಹೆಸರಾದ ನಾನು, ಅವಳು ಕೆಳಗಿಟ್ಟ ಬಟ್ಟೆಯನ್ನು ಮಡಚಿಟ್ಟು ಎದ್ದು ಬಂದೆ. ನನ್ನನ್ನಾದರೆ ತಾವು ನೆಲಕ್ಕೆ ತಳ್ಳಿದಿರಿ. ನೆಲದಿಂದ ಎದ್ದೇಳುವುದು ನನಗೆ ಗೊತ್ತು, ಮೊಣಕಾಲು ಒರೆಸಿಕೊಂಡರೆ ಆಯಿತು. ಆ ಹುಡುಗಿಯನ್ನು ತಾವು ಅಟ್ಟಕ್ಕೆ ಏರಿಸಿ ಏಣಿ ತೆಗೆದುಬಿಟ್ಟಿದ್ದೀರಿ. ಹತ್ತೊಂಬತ್ತು ವರ್ಷದ ಹುಡುಗಿ, ಇದ್ದಷ್ಟು ಹೆಸರು ಇರಲಿ ಎಂದು ಕೈ ಕಟ್ಟಿ ಕೂರುವುದೆಂದರೆ ಏನು? ನಾನು ಆ ವಯಸ್ಸಿನಲ್ಲಿ ಹೊಲಿದ ರವಿಕೆಗಳನ್ನು ತೊಟ್ಟವರು ಎಡಗೈ ಎತ್ತಲಾಗದೆ ಮದುವೆ ಮನೆಯಲ್ಲಿ ಬಲಗೈಯಲ್ಲೇ ಎಲ್ಲ ಮಾಡಿದ್ದಾರೆ. ನನಗೆ ಯಾರೂ ಹುಟ್ಟು ಟೈಲರ್ ಎಂದು ಹಾರ ಹಾಕದ ಪುಣ್ಯಕ್ಕೆ ನಾನು ಟೈಲರ್ ಆದೆ.

ಈ ಹುಟ್ಟಿನ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ ಒಂದು ಸಂಗತಿ ಇದೆ. ನಮ್ಮ ಮೇಷ್ಟ್ರು ಬೊಮ್ಮಲಿಂಗಪ್ಪನವರೂ ತಮ್ಮ ಪಕ್ಷದವರೇ. "ಎಷ್ಟು ಹೇಳ್ಕೊಟ್ರೂ ಇದು ರಕ್ತದಾಗೆ ಬರ್ಬೇಕಮ್ಮ" ಎಂಬುದು ಅವರ ಖಾಯಂ ಮಾತು. ತಾವು ನನ್ನನ್ನು ಹೊರಗೆ ಹಾಕಿದ ಮೇಲೆ, ಒಂದು ಭಾನುವಾರ, ನವಿಲನ್ನು ತಲೆ ಮೊದಲು ಕೂರಿಸುವುದನ್ನು ತೋರಿಸಿಕೊಡಿ ಎಂದು ಕೇಳಲು ಮೊಳಕಾಲ್ಮೂರಿನ ಅವರ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ಅವರು ಅದೇ ರಕ್ತದ ಮಾತು ಎತ್ತಿದರು. ಒಳಗೆ ಅವರ ತಾಯಿ ಸೂರಮ್ಮ ಕುಳಿತಿದ್ದರು. ಮಂಡಿ ನೋವಿನಿಂದ ಮಗ್ಗ ಬಿಟ್ಟು ವರ್ಷಗಳಾದರೂ ಬಾಯಿಜೋರು ಬಿಟ್ಟಿಲ್ಲದ ಹೆಂಗಸು, ಆ ವಿಷಯದಲ್ಲಿ ನನ್ನ ಜಾತಿಯವರೇ. ಅವರು ನನ್ನನ್ನು ಹತ್ತಿರ ಕೂರಿಸಿಕೊಂಡು ಒಂದು ಬಟ್ಟೆಯ ಗಂಟು ಎಳೆದರು.

ಆ ಮನೆಯವರಲ್ಲಿ ಒಂದು ಪದ್ಧತಿ ಇದೆ. ಮನೆಯ ಮಗುವೊಂದು ಮಗ್ಗಕ್ಕೆ ಕುಳಿತು ಮೊದಲು ನೇಯ್ದ ಬಟ್ಟೆಯನ್ನು ಎಸೆಯುವುದಿಲ್ಲ. ಅದು ಕೆಟ್ಟೇ ಇರುತ್ತದೆ, ಇರಲಿ ಎಂದು ತೆಗೆದಿಡುತ್ತಾರೆ. ಮುಂದೆ ಆ ಮಗು ದೊಡ್ಡದಾಗಿ ನೇಯ್ದ ಒಳ್ಳೆಯ ಸೀರೆಗಳನ್ನು ಅಂಗಡಿಗೆ ಒಯ್ಯುವಾಗ ಅದೇ ಕೆಟ್ಟ ಬಟ್ಟೆಯಲ್ಲಿ ಸುತ್ತಿ ಒಯ್ಯಬೇಕು. ಸೂರಮ್ಮ ಗಂಟಿನಿಂದ ತೆಗೆದ ಬಟ್ಟೆಯ ಅಂಚು ಒಂದು ಕಡೆ ಅಗಲ, ಒಂದು ಕಡೆ ಸಣ್ಣ, ನಡುವೆ ತೂತು. ಅದನ್ನು ಬಾಗಿಲ ಬೆಳಕಿಗೆ ಹಿಡಿದು, "ಇದ್ಯಾರ್ದು ಹೇಳು ನೋಡಾನ?" ಎಂದರು.

"ಯಾರೋ ಪಾಪ, ನನ್ನಂಥೋರ್ದು" ಎಂದೆ.

"ನಿಮ್ಮ ಮೇಷ್ಟ್ರುದು!"

ಬೊಮ್ಮಲಿಂಗಪ್ಪನವರು ಗಡ್ಡ ಕೆರೆದುಕೊಂಡು, "ಅವ್ವಾ, ಈಗ ಅದ್ಯಾಕೆ ತೆಗೀತೀಯಾ?" ಎಂದರು.

"ಏಮಿರಾ, ಸಿಗ್ಗಾ? ನಾಚ್ಕೆ ಆಗ್ತೈತಾ?" ಎಂದು ಮುದುಕಿ ಮಗನನ್ನು ತರಾಟೆಗೆ ತೆಗೆದುಕೊಂಡರು. "ರಕ್ತ ಅಂತೆ ರಕ್ತ! ಇವ್ನು ಮಗ್ಗ ಕಲಿಯುವಾಗ ರಕ್ತ ಕಾಣ್ಸಿದ್ದು ಬೆರಳು ಕುಯ್ಕೊಂಡಾಗ ಮಾತ್ರ. ಅತ್ತು ಕರೆದು, ಓಡಿ ಹೋಗಿ, ಎಳ್ಕೊಂಡು ಬಂದು ಕೂರ್ಸಿದ್ದು ನನಗೆ ಗೊತ್ತಿಲ್ಲೇನು?"

ಮೇಷ್ಟ್ರು ಆ ದಿನ ಹಿತ್ತಲಿನ ಹಳೇ ಮಗ್ಗವನ್ನು ಒರೆಸಿ ನನ್ನನ್ನು ಕೂರಿಸಿದರು. ಅಂದಿನಿಂದ ಭಾನುವಾರಗಳಲ್ಲಿ ಅಲ್ಲಿ ನೇಯುತ್ತಿದ್ದೇನೆ. ಸಂತೋಷದ ಸುದ್ದಿ ಏನೆಂದರೆ ನನ್ನ ನವಿಲುಗಳು ಈಗ ತಲೆ ಮೇಲೆ ಮಾಡಿ ನಿಂತಿವೆ. ದುಃಖದ ಸುದ್ದಿ ಏನೆಂದರೆ ಕುತ್ತಿಗೆ ಗಿಡ್ಡವಾಗಿ ಬಾತುಕೋಳಿಗಳಂತೆ ಕಾಣುತ್ತಿವೆ. ಸೂರಮ್ಮನವರಂತೂ "ಕೊಕ್ಕಿಗೆ ಒಂದು ಮೀನು ಕೊಟ್ಬಿಡು, ಸರಿಹೋಗ್ತೈತೆ" ಎಂದುಬಿಟ್ಟರು. ಮೊದಲಾದರೆ ಅಂಥ ಮಾತಿಗೆ ಒಂದು ವಾರ ಮುಖ ಊದಿಸಿಕೊಳ್ಳುತ್ತಿದ್ದೆ. ಈಗ ಕುತ್ತಿಗೆಗೆ ಇನ್ನೆಷ್ಟು ಎಳೆ ಹೆಚ್ಚಿಸಬೇಕು ಎಂದು ಕೇಳುತ್ತೇನೆ. ತಮ್ಮ ಭಾಷಣದಿಂದ ನನಗೆ ಆಗಿರುವ ಉಪಕಾರ ಇದು, ಇದಕ್ಕೆ ತಮಗೆ ನಮಸ್ಕಾರ. ಇದನ್ನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ, ಈ ಪತ್ರದಲ್ಲಿ ಅಂಥ ವಾಕ್ಯ ಕಡಿಮೆ ಇರುವುದರಿಂದ ಗುರುತಿಸಿಕೊಳ್ಳಬೇಕಾಗಿ ವಿನಂತಿ.

ಹಾಗಾದರೆ ನನಗೆ ಬೇಕಾದ್ದೇನು? ನನ್ನ ಅಂಕ ಹೆಚ್ಚಿಸುವುದು ಬೇಡ. ಫೇಲು ಎಂಬುದು ಹಾಗೆಯೇ ಇರಲಿ, ಅದು ನಾನು ದುಡಿದು ಗಳಿಸಿದ್ದು. ಅದರ ಕೆಳಗಿನ ಸಾಲನ್ನು ಮಾತ್ರ ಹೊಡೆದು, ಮೊದಲನೇ ಹಂತದಲ್ಲೇ ಮತ್ತೊಮ್ಮೆ ಕೂರಲು ಮಗ್ಗ ಕೊಡಿ. ಕೊಡದಿದ್ದರೂ ನಾನು ಸೂರಮ್ಮನವರ ಹಿತ್ತಲಿನಲ್ಲಿ ಕಲಿಯುತ್ತೇನೆ, ಬೈಗುಳ ಊಟ ಎರಡೂ ಅಲ್ಲಿ ಚೆನ್ನಾಗಿವೆ. ಆದ್ದರಿಂದ ನನ್ನ ವಿಷಯ ತಡವಾದರೂ ನಡೆಯುತ್ತದೆ.

ತಡವಾದರೆ ನಡೆಯದಿರುವುದು ಶಮಾಳ ವಿಷಯ. ಅವಳಿಗೆ ನಾನು ಹೇಳಿ ನೋಡಿದೆ, ಅವಳಪ್ಪ ಹೇಳಿ ನೋಡಿದರು. ನಾಚಿಕೆ ಬಿಟ್ಟು ಬೊಮ್ಮಲಿಂಗಪ್ಪನವರೇ ಆ ತೂತಿನ ಬಟ್ಟೆ ಹಿಡಿದು ಚಳ್ಳಕೆರೆಯವರೆಗೆ ಬಂದು ತೋರಿಸಿ ಹೋದರು. ಅವಳು ನೋಡಿ ನಕ್ಕಳು, ಆಮೇಲೆ ಬಟ್ಟೆಯನ್ನು ಮಡಚಿ ಅವರ ಕೈಗೆ ಕೊಟ್ಟು, "ನಿಮಗೆ ಯಾರೂ ಶೀಲ್ಡು ಕೊಟ್ಟಿರ್ಲಿಲ್ವಲ್ಲ ಮೇಷ್ಟ್ರೇ" ಎಂದಳು. ನಮ್ಮ ಯಾರ ಮಾತಿಗೂ ತಮ್ಮ ಒಂದು ಸಾಲಿನಷ್ಟು ತೂಕವಿಲ್ಲ. ತಾವು ಬರೆದದ್ದನ್ನು ಆ ಹುಡುಗಿ ಒಂದಕ್ಷರ ಬಿಡದೆ ನಂಬಿದ್ದಾಳೆ. ಹಾಗಾಗಿ ತಾವೇ ಇನ್ನೊಂದು ಬರೆಯಬೇಕು. ತಮಗೆ ಕೆಲಸ ಹೆಚ್ಚೆಂದು ನಾನೇ ಕರಡು ಸಿದ್ಧಪಡಿಸಿದ್ದೇನೆ, ತಮ್ಮ ಕಚೇರಿಯ ಭಾಷೆಯಲ್ಲೇ:

"ಚಳ್ಳಕೆರೆಯ ಕುಮಾರಿ ಶಮಾ, ತಂದೆ ಮೌಲಾ ಸಾಬ್, ಇವರಿಗೆ ಮೂರು ಲಾಳಿಯ ಮಗ್ಗದಲ್ಲಿ ಒಂದು ಸೀರೆಯನ್ನು ಸಂಪೂರ್ಣವಾಗಿ ಕೆಡಿಸಲು ಈ ಮೂಲಕ ಅನುಮತಿ ನೀಡಲಾಗಿದೆ. ಕೆಡಿಸುವ ಅವಧಿಯಲ್ಲಿ ಇವರನ್ನು ಕಲಾವಿದೆ ಎಂದು ಯಾರೂ ಕರೆಯತಕ್ಕದ್ದಲ್ಲ. ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆ ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ. ಒಂದು ವೇಳೆ ಸೀರೆ ಕೆಡದೆ ಚೆನ್ನಾಗಿಯೇ ಬಂದಲ್ಲಿ ಅದಕ್ಕೆ ಸದರಿಯವರನ್ನು ಹೊಣೆ ಮಾಡತಕ್ಕದ್ದಲ್ಲ."

ಕೆಳಗೆ ತಮ್ಮ ಸಹಿ, ಪಕ್ಕದಲ್ಲಿ ದುಂಡು ಮೊಹರು. ಮೊಹರು ಮಸುಕಾಗದಂತೆ ಒತ್ತಿಸಿ. ಭಾನುವಾರದೊಳಗೆ ಬಂದರೆ ನಾನೇ ಒಯ್ದು ಕೊಡುತ್ತೇನೆ. ನನಗೆ ಮಗ್ಗ ಸಿಗಲಿ ಬಿಡಲಿ, ಸೋಮವಾರದ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟು ಹಿಡಿದಿರುತ್ತೇನೆ. ಮಾನ್ಯರೇ, ಆ ಹುಡುಗಿಗೆ ಬೇರೇನೂ ಕೊಡಬೇಡಿ, ಒಂದೇ ಒಂದು ಸಲ ಕೆಡಿಸಲು ಬಿಡಿ.

ಇಂತಿ, ತಮ್ಮ ಭಾಷಣಕ್ಕೆ ಕೈ ಎತ್ತಿ ಇನ್ನೂ ಇಳಿಸದಿರುವ,
ಗೀತಮ್ಮ
ರವಿಕೆ ಮತ್ತು ಫಾಲ್ಸ್, ಚಳ್ಳಕೆರೆ
(ಭಾನುವಾರ ಅಂಗಡಿ ರಜೆ, ಮಾಲೀಕರು ಕಲಿಯಲು ಹೋಗಿರುತ್ತಾರೆ)